ಗಣಕಯಂತ್ರದ ಒಳಬಾಗಿಲಿನ ಕಾವಲು

ಮುಳವಾಡದ ಸೀಮೆಯಲ್ಲಿ ಒಂದು ಎಕರೆ ಹೊಲವುಳ್ಳವನಿಗೂ ಉತಾರವೆಂಬ ಕಾಗದದ ಬೆಲೆ ಚೆನ್ನಾಗಿ ಗೊತ್ತಿದೆ. ಬ್ಯಾಂಕಿನಲ್ಲಿ ಬೆಳೆಸಾಲ ಬೇಕಾದರೆ ಉತಾರ. ಅಣ್ಣತಮ್ಮಂದಿರಲ್ಲಿ ವಾಟಣಿಯಾಗಬೇಕಾದರೆ ಉತಾರ. ಕೃಷ್ಣೆಯ ಹಿನ್ನೀರಿಗೂ ಕಾಲುವೆಗೂ ಭೂಮಿಯನ್ನು ಬಿಟ್ಟುಕೊಟ್ಟವರು ಪರಿಹಾರವನ್ನು ಕೇಳಬೇಕಾದರೆ ಉತಾರ. ಹಿಂದಿನ ಕಾಲದಲ್ಲಿ ಈ ಲೆಕ್ಕವು ಊರ ಕುಲಕರ್ಣಿಯ ದಫ್ತರದಲ್ಲಿಯೂ ಅನಂತರ ತಲಾಠಿಯ ದಫ್ತರದಲ್ಲಿಯೂ ಇರುತ್ತಿತ್ತು. ಕರ್ನಾಟಕ ಸರಕಾರವು "ಭೂಮಿ" ಎಂಬ ಯೋಜನೆಯ ಮೂಲಕ ೨೦೦೨ರ ಹೊತ್ತಿಗೆ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗಿನಿಂದ ತಾಲೂಕಿನ ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟು ಅಚ್ಚಾದ ಉತಾರವನ್ನು ಪಡೆಯುವ ಪದ್ಧತಿಯು ನಡೆಯಿತು. ಲೆಕ್ಕವನ್ನು ತಿದ್ದುವ ಅಧಿಕಾರಿಯು ಮೊದಲು ಬೆರಳಿನ ಗುರುತನ್ನು ಕೊಟ್ಟು ತಾನಾರೆಂಬದನ್ನು ಯಂತ್ರಕ್ಕೆ ತೋರಿಸಬೇಕೆಂಬ ನಿಯಮವೂ ಆಯಿತು.

ಇದರಿಂದ ಬಹಳ ಉಪಕಾರವಾಯಿತೆಂಬದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಒಂದು ಹೊಸ ಪ್ರಶ್ನೆಯು ಹುಟ್ಟುತ್ತದೆ. ಹಳೆಯ ದಫ್ತರದ ಹಾಳೆಯನ್ನು ಯಾರಾದರೂ ಕೆರೆದು ತಿದ್ದಿದರೆ ಅಲ್ಲಿ ಗಾಯದಂತೆ ಒಂದು ಗುರುತು ಉಳಿಯುತ್ತಿತ್ತು. ಮಸಿಯ ಬಣ್ಣವೂ ಅಕ್ಷರದ ಮೋಡಿಯೂ ಕಳ್ಳನನ್ನು ಹಿಡಿದುಕೊಡುತ್ತಿದ್ದವು. ಗಣಕಯಂತ್ರದ ಫೈಲಿನಲ್ಲಿ ೪ ಎಂಬದನ್ನು ಅಳಿಸಿ ೯ ಎಂದು ಬರೆದರೆ ಕಣ್ಣಿಗೆ ಯಾವ ಗುರುತೂ ಕಾಣದು. ಹಾಗಾದರೆ ಫೈಲನ್ನು ಯಾರು ತೆರೆದರು, ಯಾರು ಓದಿದರು, ಯಾರು ಬದಲಿಸಿದರು ಎಂಬದನ್ನು ನೋಡುವವರಾರು? ಆ ಕಾವಲುಗಾರನು ಎಲ್ಲಿ ನಿಂತಿರಬೇಕು? ಅವನ ಮೇಲೆ ಕಾವಲಾರು?

ನಮ್ಮ ಶಾಲೆಗಳಿಂದ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಸಮುದ್ರದಾಚೆಯಲ್ಲಿಯೂ ಇಂಥ ಯಂತ್ರಗಳ ಕೆಲಸದಲ್ಲಿಯೇ ಇರುತ್ತಾರೆ. ಮನೆಯಲ್ಲಿರುವವರ ಕೈಯಲ್ಲಿಯೂ ಫೋನೆಂಬ ಸಣ್ಣ ಗಣಕಯಂತ್ರವಿದ್ದೇ ಇದೆ. ಆದದರಿಂದ ಈ ವಿಷಯವನ್ನು ತಜ್ಞರಲ್ಲದವರಿಗೂ ತಿಳಿಯುವಂತೆ ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸುವೆವು.

೧. ತಿರುಳೆಂದರೇನು?

ಗಣಕಯಂತ್ರವನ್ನು ಒಂದು ಮಾಮಲೇದಾರ ಕಚೇರಿಗೆ ಹೋಲಿಸಬಹುದು. ಹೊರಗಿನ ಪಡಸಾಲೆಯಲ್ಲಿ ಅರ್ಜಿದಾರರು ಕೂಡಿರುತ್ತಾರೆ. ಒಳಗೆ ದಫ್ತರದ ಕೋಣೆಯಿರುತ್ತದೆ. ಅರ್ಜಿದಾರನು ಎಷ್ಟೇ ದೊಡ್ಡ ಮನುಷ್ಯನಾದರೂ ತಾನೇ ಒಳಗೆ ನುಗ್ಗಿ ಕಟ್ಟುಗಳನ್ನು ಬಿಚ್ಚುವ ಹಾಗಿಲ್ಲ. ಅವನು ಕಿಟಕಿಯಲ್ಲಿ ಅರ್ಜಿಯನ್ನು ಕೊಡಬೇಕು. ಒಳಗಿನವರು ಅದನ್ನು ನೋಡಿ, ಯೋಗ್ಯವಿದ್ದರೆ ಕಾಗದವನ್ನು ತಂದುಕೊಡುವರು.

ಗಣಕಯಂತ್ರದಲ್ಲಿಯೂ ಹೀಗೆಯೇ. ಪತ್ರವನ್ನು ಬರೆಯುವ, ಲೆಕ್ಕವನ್ನು ಮಾಡುವ, ಚಿತ್ರವನ್ನು ತೋರಿಸುವ ಪ್ರೋಗ್ರಾಮುಗಳೆಲ್ಲವೂ ಪಡಸಾಲೆಯ ಅರ್ಜಿದಾರರು. ಒಳಕೋಣೆಯಲ್ಲಿ ಕುಳಿತು ಡಿಸ್ಕು, ಸ್ಮರಣೆ, ಕೀಲಿಮಣೆ ಮುಂತಾದವೆಲ್ಲವನ್ನೂ ಆಳುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಕಾಯಿಯ ಚಿಪ್ಪಿನೊಳಗಣ ತಿರುಳು ಎಂದೇ ಆ ಪದದ ಅರ್ಥ. ನಾವು ಇಲ್ಲಿ ಅದನ್ನು ತಿರುಳು ಎಂದೇ ಕರೆಯುವೆವು. ವಿಂಡೋಸ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮುಗಳಿಗೆ ತಮ್ಮ ತಮ್ಮ ತಿರುಳುಗಳುಂಟು.

ಪಡಸಾಲೆಗೂ ಒಳಕೋಣೆಗೂ ನಡುವಿನ ಗೋಡೆಯು ಬರಿಯ ಮಾತಿನ ಗೋಡೆಯಲ್ಲ. ಯಂತ್ರದ ಪ್ರೊಸೆಸರಿನಲ್ಲಿಯೇ ಎರಡು ಸ್ಥಿತಿಗಳನ್ನು ಕಟ್ಟಿರುತ್ತಾರೆ. ಒಂದರಲ್ಲಿ ಪ್ರೋಗ್ರಾಮು ತನಗೆ ಕೊಟ್ಟ ಸ್ಮರಣೆಯನ್ನು ಮಾತ್ರ ಮುಟ್ಟಬಹುದು. ಇನ್ನೊಂದರಲ್ಲಿ ಏನನ್ನು ಬೇಕಾದರೂ ಮುಟ್ಟಬಹುದು. ತಿರುಳು ಎರಡನೆಯ ಸ್ಥಿತಿಯಲ್ಲಿ ನಡೆಯುತ್ತದೆ. ಇದರಿಂದ ಒಂದು ಮಹತ್ವದ ಪರಿಣಾಮವುಂಟು. ಪಡಸಾಲೆಯ ಪ್ರೋಗ್ರಾಮು ತಪ್ಪು ಮಾಡಿದರೆ ಅದೊಂದೇ ಬೀಳುವದು. ಉಳಿದವರ ಕೆಲಸವು ಸಾಗುವದು. ತಿರುಳಿನೊಳಗಿದ್ದವನು ತಪ್ಪು ಮಾಡಿದರೆ ಇಡೀ ಕಚೇರಿಯೇ ಮುಚ್ಚುವದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು. ಮುಂದೆ ಇದರ ಪ್ರಯೋಜನವು ಬೀಳುವದು.

೨. ಒಂದು ಅರ್ಜಿಯ ಪ್ರಯಾಣ

ಒಂದು ಪ್ರೋಗ್ರಾಮಿಗೆ ಉತಾರದ ಫೈಲನ್ನು ಓದಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಅದು "ಇಂಥ ಹೆಸರಿನ ಫೈಲನ್ನು ತೆರೆ" ಎಂಬ ಅರ್ಜಿಯನ್ನು ಕಿಟಕಿಯಲ್ಲಿ ಇಡುತ್ತದೆ. ಈ ಅರ್ಜಿಗೆ ಸಿಸ್ಟಮ್ ಕಾಲ್ ಎನ್ನುವರು. ಆ ಕ್ಷಣದಲ್ಲಿ ಪ್ರೊಸೆಸರು ಪಡಸಾಲೆಯ ಸ್ಥಿತಿಯಿಂದ ಒಳಕೋಣೆಯ ಸ್ಥಿತಿಗೆ ದಾಟುತ್ತದೆ. ಪ್ರತಿಯೊಂದು ಬಗೆಯ ಅರ್ಜಿಗೂ ಒಂದು ಸಂಖ್ಯೆಯಿರುತ್ತದೆ. ತಿರುಳು ಒಂದು ಕೋಷ್ಟಕವನ್ನು ನೋಡಿ, ಈ ಸಂಖ್ಯೆಯ ಅರ್ಜಿಯನ್ನು ಯಾವ ಗುಮಾಸ್ತನಿಗೆ ಕೊಡಬೇಕೆಂಬದನ್ನು ತಿಳಿದುಕೊಳ್ಳುವದು.

ಆಮೇಲೆ ಹೆಸರಿನ ಶೋಧನೆ. ಫೈಲಿನ ಹೆಸರು ಜಿಲ್ಲೆ, ತಾಲೂಕು, ಊರು, ಸರ್ವೆ ನಂಬರು ಎಂಬ ಹಾಗೆ ಮೆಟ್ಟಿಲುಮೆಟ್ಟಿಲಾಗಿರುತ್ತದೆ. ತಿರುಳು ಒಂದೊಂದೇ ಮೆಟ್ಟಿಲನ್ನು ಇಳಿದು ನಿಜವಾದ ಫೈಲನ್ನು ಮುಟ್ಟುವದು. ಈ ಅರ್ಜಿದಾರನಿಗೆ ಅದನ್ನು ಓದುವ ಅಧಿಕಾರವಿದೆಯೋ ಇಲ್ಲವೋ ಎಂದು ನೋಡುವದು. ಆಮೇಲೆ ಡಿಸ್ಕಿನ ಮೇಲೆ ಅಕ್ಷರಗಳು ಎಲ್ಲಿ ಬಿದ್ದಿವೆ ಎಂಬದನ್ನು ಬಲ್ಲ ಭಾಗಕ್ಕೆ ಅರ್ಜಿಯನ್ನು ದಾಟಿಸುವದು. ಅಲ್ಲಿಂದ ಅಕ್ಷರಗಳು ಬಂದ ಬಳಿಕ ಅದೇ ದಾರಿಯಿಂದ ಹಿಂದಿರುಗಿ ಅರ್ಜಿದಾರನ ಕೈಗೆ ಮುಟ್ಟುವವು. ತೆರೆಯುವದು, ಓದುವದು, ಬರೆಯುವದು, ಹೆಸರು ಬದಲಿಸುವದು, ಅಳಿಸುವದು ಇವೇ ಮುಖ್ಯವಾದ ಫೈಲು ಕೆಲಸಗಳು.

ಇಲ್ಲಿ ಒಂದು ಜಾಣತನದ ವ್ಯವಸ್ಥೆಯನ್ನು ಲಕ್ಷ್ಯಕ್ಕೆ ತರಬೇಕು. ಫೈಲು ಯಂತ್ರದ ಡಿಸ್ಕಿನಲ್ಲಿರಬಹುದು; ಜೇಬಿನಲ್ಲಿ ತಂದ ಪೆನ್‌ಡ್ರೈವಿನಲ್ಲಿರಬಹುದು; ದೂರದ ಊರಿನ ಇನ್ನೊಂದು ಯಂತ್ರದಲ್ಲಿರಬಹುದು. ಒಂದೊಂದರ ರೀತಿ ಒಂದೊಂದು. ಆದರೂ ಅರ್ಜಿಯ ನಮೂನೆಯು ಒಂದೇ ಆಗಿರಬೇಕೆಂದು ೧೯೮೦ರ ದಶಕದಲ್ಲಿ ಅಮೇರಿಕೆಯ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯವರು ಎಲ್ಲ ಉಗ್ರಾಣಗಳ ಮೇಲೆ ಒಂದು ಸಾಮಾನ್ಯವಾದ ಪದರನ್ನು ಹಾಸಿದರು. ಇದರ ವಿವರವನ್ನು ಸ್ಟೀವ್ ಕ್ಲೈಮನ್ ಎಂಬವರು ೧೯೮೬ರಲ್ಲಿ ಪ್ರಕಟಿಸಿದರು. ಲಿನಕ್ಸಿನಲ್ಲಿಯೂ ಇಂಥದೇ ಪದರವುಂಟು. ಎಲ್ಲ ಅರ್ಜಿಗಳೂ ಈ ಒಂದು ಹೊಸ್ತಿಲನ್ನು ದಾಟಿಯೇ ಹೋಗಬೇಕಾಗಿರುವದರಿಂದ, ಕಾವಲುಗಾರನನ್ನು ನಿಲ್ಲಿಸುವದಕ್ಕೂ ಇದೇ ಅನುಕೂಲವಾದ ಸ್ಥಳವಾಯಿತು.

೩. ತಡೆದು ನೋಡುವ ವಿಧಗಳು

ಅರ್ಜಿಯನ್ನು ನಡುದಾರಿಯಲ್ಲಿ ತಡೆದು ನೋಡುವದಕ್ಕೆ ಕಾರಣಗಳು ಅನೇಕವಿವೆ. ರೋಗಾಣುಗಳಂತೆ ಹರಡುವ ದುಷ್ಟ ಪ್ರೋಗ್ರಾಮುಗಳು ಫೈಲಿನಲ್ಲಿ ಅಡಗಿವೆಯೋ ಎಂದು ನೋಡಬೇಕು. ಡಿಸ್ಕನ್ನು ಕದ್ದೊಯ್ದರೂ ಓದಲಾಗದಂತೆ ಅಕ್ಷರಗಳನ್ನು ಗೂಢಲಿಪಿಗೆ ತಿರುಗಿಸಬೇಕು. ಯಾರು ಯಾವಾಗ ಏನನ್ನು ಮುಟ್ಟಿದರೆಂಬ ದಾಖಲೆಯನ್ನು ಬರೆದಿಡಬೇಕು. ೨೦೧೭ರ ಮೇ ೧೨ರಿಂದ ಜಗತ್ತಿನಲ್ಲೆಲ್ಲ ಹಬ್ಬಿದ ವಾನಾಕ್ರೈ ಎಂಬ ಪಿಡುಗು ಜನರ ಫೈಲುಗಳನ್ನು ಒಂದೊಂದಾಗಿ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣವನ್ನು ಕೇಳಿತು. ಒಂದೇ ಪ್ರೋಗ್ರಾಮು ಸ್ವಲ್ಪ ವೇಳೆಯಲ್ಲಿ ನೂರಾರು ಫೈಲುಗಳನ್ನು ತಿದ್ದುತ್ತಿದೆಯೆಂಬದು ಹೊಸ್ತಿಲಲ್ಲಿ ನಿಂತವನ ಕಣ್ಣಿಗೆ ಬೇಗನೆ ಬೀಳುವದು.

ಭೂಮಿ ಯೋಜನೆಯ ಬೆರಳಚ್ಚಿನಂಥ ಕಾವಲು ಪಡಸಾಲೆಯ ಪ್ರೋಗ್ರಾಮಿನದು; ಆ ಪ್ರೋಗ್ರಾಮಿನ ಮೂಲಕ ಬಂದವರನ್ನು ಮಾತ್ರ ಅದು ಕಾಣುವದು. ಬೇರೊಂದು ಪ್ರೋಗ್ರಾಮು ಹಿತ್ತಲ ಬಾಗಿಲಿನಿಂದ ಅದೇ ಫೈಲನ್ನು ತೆರೆದರೆ ಅದಕ್ಕೆ ಸುಳಿವು ಹತ್ತದು. ತಿರುಳಿನೊಳಗಿನ ಕಾವಲಾದರೋ ಯಾವ ಬಾಗಿಲಿನಿಂದ ಬಂದವರನ್ನೂ ಕಾಣುವದು. ಇದೇ ಒಳಗಾವಲಿನ ಅವಶ್ಯಕತೆ.

ತಡೆಯುವದರಲ್ಲಿ ಮೂರು ವಿಧಗಳುಂಟು. ಮೊದಲನೆಯದು, ಅರ್ಜಿಗಳ ಕೋಷ್ಟಕವನ್ನೇ ತಿದ್ದುವದು: ನಿಜವಾದ ಗುಮಾಸ್ತನ ಹೆಸರನ್ನು ಅಳಿಸಿ ಅಲ್ಲಿ ತನ್ನ ಹೆಸರನ್ನು ಬರೆಯುವದು. ಇದು ಸುಲಭ, ಆದರೆ ಒರಟು. ಎರಡನೆಯದು, ನಿಜವಾದ ಉಗ್ರಾಣದ ಮೇಲೆ ಇನ್ನೊಂದು ಪದರನ್ನು ಹೊದಿಸುವದು: ಅರ್ಜಿಯು ಮೊದಲು ಮೇಲಿನ ಪದರಕ್ಕೆ ಬಂದು, ಅದು ಒಪ್ಪಿದರೆ ಕೆಳಗಿನದಕ್ಕೆ ಇಳಿಯುವದು. ಮೂರನೆಯದು, ತಿರುಳನ್ನು ಕಟ್ಟಿದವರೇ ಕಾವಲುಗಾರರಿಗಾಗಿ ಗೊತ್ತುಪಡಿಸಿದ ಸ್ಥಳಗಳಲ್ಲಿ ನಿಲ್ಲುವದು. ಲಿನಕ್ಸಿನಲ್ಲಿ ೨೦೦೩ರ ಡಿಸೆಂಬರದಿಂದ ಭದ್ರತಾ ಕೊಕ್ಕೆಗಳೆಂಬ ಇಂಥ ಸ್ಥಳಗಳಿವೆ. ೨೦೧೧ರ ಆರಂಭದಿಂದ ಫ್ಯಾನೋಟಿಫೈ ಎಂಬ ಏರ್ಪಾಡೂ ಉಂಟು. ಈ ಏರ್ಪಾಡಿನಲ್ಲಿ ತಿರುಳು ಅರ್ಜಿದಾರನನ್ನು ನಿಲ್ಲಿಸಿ, ಪಡಸಾಲೆಯಲ್ಲಿರುವ ಪರೀಕ್ಷಕನನ್ನು ಕೇಳುವದು. ಅವನು "ಬಿಡು" ಎಂದರೆ ಬಿಡುವದು, "ಬೇಡ" ಎಂದರೆ ತಡೆಯುವದು.

ವಿಂಡೋಸಿನಲ್ಲಿ ಒಂದೇ ದಾರಿಯಲ್ಲಿ ಅನೇಕ ಕಾವಲುಗಾರರು ನಿಲ್ಲಬಹುದು. ಅವರವರೊಳಗೆ ಜಗಳವಾಗದಂತೆ ಮಾಯ್ಕ್ರೊಸಾಫ್ಟ್ ಕಂಪನಿಯು ಒಬ್ಬೊಬ್ಬರಿಗೆ ಒಂದೊಂದು "ಎತ್ತರ"ವನ್ನು ಅಂಕಿಯಲ್ಲಿ ಗೊತ್ತುಮಾಡಿದೆ. ರೋಗಾಣುಗಳನ್ನು ಹುಡುಕುವವರ ಎತ್ತರವು ೩,೨೦,೦೦೦ದಿಂದ ೩,೨೯,೯೯೮ರ ವರೆಗೆ. ಗೂಢಲಿಪಿಯವರ ಎತ್ತರವು ೧,೪೦,೦೦೦ದಿಂದ ೧,೪೯,೯೯೯ರ ವರೆಗೆ. ಅರ್ಜಿಯು ಮೇಲಿನಿಂದ ಕೆಳಕ್ಕೆ ಇಳಿಯುವದು. ಉತ್ತರವು ಕೆಳಗಿನಿಂದ ಮೇಲಕ್ಕೆ ಏರುವದು. ಮುಳವಾಡದ ಏತ ನೀರಾವರಿಯಲ್ಲಿ ಆಲಮಟ್ಟಿಯ ಹಿನ್ನೀರು ಪಂಪುಗಳ ಬಲದಿಂದ ಎತ್ತರದ ಕಾಲುವೆಗೆ ಏರಿಬರುವಂತೆ, ಡಿಸ್ಕಿನ ಅಕ್ಷರಗಳು ಒಂದೊಂದೇ ಎತ್ತರವನ್ನು ಹತ್ತಿ ಮೇಲೆ ಬರುವವೆಂದು ತಿಳಿಯಬಹುದು.

ಈ ಕ್ರಮವು ಸುಮ್ಮನೆ ಇಟ್ಟದ್ದಲ್ಲ. ಬರೆಯುವಾಗ ಅಕ್ಷರಗಳು ಮೊದಲು ರೋಗಾಣು ಹುಡುಕುವವನ ಮುಂದೆ ಬಂದು, ಆಮೇಲೆ ಕೆಳಗಿಳಿದು ಗೂಢಲಿಪಿಯಾಗುವವು. ಓದುವಾಗ ಮೊದಲು ಕೆಳಗೆ ಗೂಢಲಿಪಿಯು ಬಿಚ್ಚಿಕೊಂಡು, ಆಮೇಲೆ ಮೇಲಿನವನ ಕೈಗೆ ಬರುವದು. ಹೀಗಾಗಿ ಎರಡೂ ಸಂದರ್ಭಗಳಲ್ಲಿ ಅವನು ನೋಡುವದು ತಿಳಿಯಾದ ಅಕ್ಷರಗಳನ್ನೇ. ಎತ್ತರಗಳು ಅದಲುಬದಲಾಗಿದ್ದರೆ ಅವನ ಕಣ್ಣಿಗೆ ಬರಿಯ ಗೂಢಲಿಪಿಯು ಬಿದ್ದು, ಕಾವಲು ವ್ಯರ್ಥವಾಗುತ್ತಿತ್ತು.

ಇನ್ನೊಂದು ಸೂಕ್ಷ್ಮವುಂಟು. ಪರೀಕ್ಷಕನು ಫೈಲನ್ನು ಪರೀಕ್ಷಿಸಬೇಕಾದರೆ ತಾನೂ ಅದನ್ನು ತೆರೆಯಬೇಕು. ತೆರೆದರೆ ಅದೂ ಒಂದು ಅರ್ಜಿಯೇ. ಆ ಅರ್ಜಿಯನ್ನೂ ತಡೆದು ಅವನನ್ನೇ ಕೇಳುವದಾದರೆ ಅವನು ತನ್ನ ಅಪ್ಪಣೆಗಾಗಿ ತಾನೇ ಕಾಯುತ್ತ ಕುಳಿತಾನು. ಯಂತ್ರವು ಅಲ್ಲಿಯೇ ನಿಂತುಹೋದೀತು. ಅದಕ್ಕಾಗಿ ಫ್ಯಾನೋಟಿಫೈ ಏರ್ಪಾಡಿನಲ್ಲಿ ತಿರುಳೇ ಫೈಲನ್ನು ತೆರೆದು ಪರೀಕ್ಷಕನ ಕೈಗೆ ಕೊಡುವದು. ಹಾಗೆ ಕೊಟ್ಟ ಫೈಲನ್ನು ಅವನು ಓದುವಾಗ ಮತ್ತೆ ಪ್ರಶ್ನೆಯನ್ನೆತ್ತುವದಿಲ್ಲ.

೪. ಒಳ್ಳೆಯ ಕಾವಲಿನ ಮೂರು ಲಕ್ಷಣಗಳು

೧೯೭೨ರಲ್ಲಿ ಜೇಮ್ಸ್ ಆಂಡರ್ಸನ್ ಎಂಬವರು ಅಮೇರಿಕೆಯ ವಾಯುಸೇನೆಗಾಗಿ ಒಂದು ವರದಿಯನ್ನು ಬರೆದರು. ಯಂತ್ರದೊಳಗಿನ ಕಾವಲಿಗೆ ಮೂರು ಲಕ್ಷಣಗಳಿರಬೇಕೆಂದು ಅವರು ಅದರಲ್ಲಿ ನಿರ್ಧರಿಸಿದರು. ಒಂದು: ಕಾವಲನ್ನು ಯಾರೂ ಕೆಡಿಸಲಾರದಂತಿರಬೇಕು. ಎರಡು: ಒಂದು ಅರ್ಜಿಯೂ ತಪ್ಪದಂತೆ ಪ್ರತಿಯೊಂದೂ ಅದರ ಮುಂದೆ ಬರಬೇಕು. ಮೂರು: ಅದನ್ನು ಆದ್ಯಂತವಾಗಿ ಪರೀಕ್ಷಿಸಿ ಸರಿಯೆಂದು ಹೇಳಬಹುದಾದಷ್ಟು ಅದು ಚಿಕ್ಕದಾಗಿರಬೇಕು. ಅರ್ಧ ಶತಮಾನವು ಕಳೆದರೂ ಈ ಮೂರು ಮಾತುಗಳು ಹಳೆಯವಾಗಿಲ್ಲ. ಈ ಕಾಲದ ದೊಡ್ಡ ಅನಾಹುತಗಳನ್ನು ನೋಡಿದರೆ ಇವುಗಳಲ್ಲಿ ಯಾವದಾದರೊಂದನ್ನು ಮರೆತದ್ದೇ ಕಾರಣವೆಂದು ಕಂಡುಬರುವದು.

ಎರಡನೆಯ ಲಕ್ಷಣವನ್ನು ಮೊದಲು ನೋಡೋಣ. ಎಲ್ಲ ಅರ್ಜಿಗಳೂ ಕಾವಲಿನ ಮುಂದೆ ಬಂದರೆ ಸಾಕೇ? ಸಾಲದು. ಅರ್ಜಿದಾರನು ಚೀಟಿಯ ಮೇಲೆ ಫೈಲಿನ ಹೆಸರನ್ನು ಬರೆದು ತೋರಿಸಿದನೆನ್ನೋಣ. ಕಾವಲುಗಾರನು ಓದಿ ಒಪ್ಪಿದನು. ಆದರೆ ಚೀಟಿಯು ಇನ್ನೂ ಅರ್ಜಿದಾರನ ಕೈಯಲ್ಲಿಯೇ ಇದೆ. ಗುಮಾಸ್ತನು ಓದುವದರೊಳಗೆ ಅವನು ಹೆಸರನ್ನು ತಿದ್ದಿದರೆ? ಒಪ್ಪಿಗೆಯು ಒಂದು ಫೈಲಿಗೆ, ತೆರೆದದ್ದು ಇನ್ನೊಂದು. ಸಿಸ್ಟಮ್ ಕಾಲಿನ ಕೋಷ್ಟಕವನ್ನು ತಿದ್ದಿ ನಿಲ್ಲಿಸಿದ ಅನೇಕ ಕಾವಲುಗಳನ್ನು ಹೀಗೆಯೇ ವಂಚಿಸಬಹುದೆಂದು ರಾಬರ್ಟ್ ವಾಟ್ಸನ್ ಎಂಬವರು ೨೦೦೭ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಪರಿಹಾರವೇನೆಂದರೆ, ಚೀಟಿಯಲ್ಲಿದ್ದದ್ದನ್ನು ಮೊದಲು ತಿರುಳಿನ ಸ್ವಂತ ಪುಸ್ತಕಕ್ಕೆ ನಕಲು ಮಾಡಿಕೊಂಡು, ಹೆಸರಿನಿಂದ ನಿಜವಾದ ಫೈಲನ್ನು ಹುಡುಕಿ ಕೈಯಲ್ಲಿ ಹಿಡಿದ ಮೇಲೆಯೇ ಕಾವಲಿನ ಪ್ರಶ್ನೆಯನ್ನು ಕೇಳುವದು. ಲಿನಕ್ಸಿನ ಭದ್ರತಾ ಕೊಕ್ಕೆಗಳನ್ನು ಹೆಸರಿನ ಹತ್ತಿರ ಮಾತ್ರ ಇಡದೆ ಫೈಲಿನ ಹತ್ತಿರ ಇಟ್ಟಿರುವದು ಈ ಕಾರಣದಿಂದಲೇ.

೫. ಕಾವಲಿನ ವೇಷದಲ್ಲಿ ಕಳ್ಳತನ

ಹೊಸ್ತಿಲಲ್ಲಿ ನಿಂತವನು ಪ್ರಾಮಾಣಿಕನಾಗಿರುವನೆಂದು ನಾವು ನಂಬಿರುತ್ತೇವೆ. ಅವನು ಸುಳ್ಳು ಹೇಳತೊಡಗಿದರೆ ಏನಾಗುವದು? ೨೦೦೫ರಲ್ಲಿ ಸೋನಿ ಬಿಎಮ್‌ಜಿ ಎಂಬ ಸಂಗೀತದ ಕಂಪನಿಯು ತನ್ನ ಕೆಲವು ಹಾಡುಗಳ ಸಿ.ಡಿ.ಗಳೊಡನೆ ಒಂದು ಪ್ರೋಗ್ರಾಮನ್ನು ಕಳಿಸಿತು. ಹಾಡನ್ನು ಕೇಳಲು ಸಿ.ಡಿ.ಯನ್ನು ವಿಂಡೋಸ್ ಯಂತ್ರದಲ್ಲಿ ಹಾಕಿದವರ ತಿರುಳಿನೊಳಗೆ ಅದು ಹೊಕ್ಕು, ನಾವು ಮೊದಲನೆಯ ವಿಧವೆಂದು ಹೇಳಿದ ಪ್ರಕಾರ ಅರ್ಜಿಗಳ ಕೋಷ್ಟಕವನ್ನು ತಿದ್ದಿತು. ಹಾಡಿನ ನಕಲನ್ನು ತಡೆಯುವದು ಅದರ ಉದ್ದೇಶ. ಅದಕ್ಕಾಗಿ ಅದು ತನ್ನನ್ನು ಅಡಗಿಸಿಕೊಂಡಿತು. "ಈ ಕಪಾಟಿನಲ್ಲಿ ಯಾವ ಯಾವ ಫೈಲುಗಳಿವೆ?" ಎಂದು ಯಾರಾದರೂ ಕೇಳಿದರೆ, ಎರಡು ಡಾಲರ್ ಚಿಹ್ನೆಗಳ ನಡುವೆ "ಸಿಸ್" ಎಂಬ ಅಕ್ಷರಗಳಿಂದ ಆರಂಭವಾಗುವ ಹೆಸರುಗಳನ್ನು ಬಿಟ್ಟು ಉಳಿದವನ್ನು ಮಾತ್ರ ಅದು ಹೇಳುತ್ತಿತ್ತು.

೨೦೦೫ರ ಅಕ್ಟೋಬರ ೩೧ರಂದು ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಇದನ್ನು ಹೊರಗೆಡವಿದರು. ಆದರೆ ಅಷ್ಟರಲ್ಲಿ ಇನ್ನೊಂದು ಅಪಾಯವು ತಲೆಯೆತ್ತಿತು. ಆ ಅಕ್ಷರಗಳಿಂದ ಆರಂಭವಾಗುವ ಯಾವ ಹೆಸರಾದರೂ ಅಡಗುವದಷ್ಟೆ? ಬೇರೆ ದುಷ್ಟ ಪ್ರೋಗ್ರಾಮುಗಳು ತಮಗೂ ಅದೇ ಹೆಸರನ್ನು ಇಟ್ಟುಕೊಂಡು ಅದೇ ಮರೆಯಲ್ಲಿ ಕುಳಿತವು. ಕಂಪನಿಯು ಆ ವರ್ಷದ ನವೆಂಬರದಲ್ಲಿ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಇದರಿಂದ ತಿಳಿಯುವದೇನಂದರೆ, ಕಾಯುವ ಕಲೆಯೂ ಅಡಗಿಸುವ ಕಲೆಯೂ ಒಂದೇ. ಒಂದೇ ಹೊಸ್ತಿಲು, ಒಂದೇ ಉಪಾಯ. ಬೇಧವಿರುವದು ನಿಂತವನ ಸತ್ಯದಲ್ಲಿ ಮಾತ್ರ. ಮನೆಯ ಯಜಮಾನಿತಿಗೆ ತಿಳಿಸದೆ ಒಳಗೆ ನಿಂತ ಕಾವಲುಗಾರನು, ಅವನ ಉದ್ದೇಶವು ಏನೇ ಇದ್ದರೂ, ಕಾವಲುಗಾರನೆನಿಸನು.

೬. ೨೦೨೪ರ ಜುಲೈ ೧೯

ಮೂರನೆಯ ಲಕ್ಷಣವನ್ನು ಜಗತ್ತಿಗೆ ಕಲಿಸಿದ್ದು ಈ ದಿನವೇ. ಅಮೇರಿಕೆಯ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಫಾಲ್ಕನ್ ಎಂಬ ಕಾವಲು ಪ್ರೋಗ್ರಾಮು ದೊಡ್ಡ ದೊಡ್ಡ ಕಚೇರಿಗಳ ವಿಂಡೋಸ್ ಯಂತ್ರಗಳ ತಿರುಳಿನಲ್ಲಿ ನಿಂತಿರುತ್ತದೆ. ಫೈಲುಗಳ ಹುಟ್ಟು ಮತ್ತು ಮಾರ್ಪಾಡುಗಳ ಸುದ್ದಿಯನ್ನು ಪಡೆಯುವದಕ್ಕಾಗಿ ಅದು ಫೈಲು ಕೆಲಸಗಳ ದಾರಿಯಲ್ಲಿಯೇ ತನ್ನ ಹೆಸರನ್ನು ಬರೆಯಿಸಿಕೊಂಡಿತ್ತು. ಹೊಸ ಹೊಸ ಕಳ್ಳರ ಗುರುತುಗಳನ್ನು ಕಂಪನಿಯು ಆಗಾಗ್ಗೆ ದೂರದಿಂದಲೇ ಅದಕ್ಕೆ ಕಳಿಸುತ್ತಿತ್ತು.

ಆ ದಿನ ನಮ್ಮ ದೇಶದ ವೇಳೆಯ ಪ್ರಕಾರ ಮುಂಜಾನೆ ೯ ಗಂಟೆ ೩೯ ನಿಮಿಷಕ್ಕೆ ೨೯೧ನೆಯ ಸಂಖ್ಯೆಯ ಇಂಥ ಒಂದು ಗುರುತಿನ ಫೈಲು ಹೊರಟಿತು. ಪ್ರೋಗ್ರಾಮುಗಳು ಒಂದರೊಡನೊಂದು ಮಾತಾಡುವದಕ್ಕೆ ಫೈಲಿನಂತೆಯೇ ತೆರೆಯುವ "ಹೆಸರುಳ್ಳ ಕೊಳವೆ"ಗಳುಂಟು; ಅವುಗಳ ದುರುಪಯೋಗವನ್ನು ಹಿಡಿಯುವದೇ ಆ ಗುರುತುಗಳ ಕೆಲಸ. ಹೊಸ ಗುರುತನ್ನು ಹೋಲಿಸಿ ನೋಡಲು ೨೧ ಅಂಶಗಳು ಬೇಕಾಗಿದ್ದವು. ತಿರುಳಿನಲ್ಲಿ ನಿಂತ ಪ್ರೋಗ್ರಾಮು ಒದಗಿಸುತ್ತಿದ್ದದ್ದು ೨೦ ಅಂಶಗಳನ್ನು ಮಾತ್ರ. ಅಲ್ಲಿಯ ವರೆಗಿನ ಗುರುತುಗಳಲ್ಲಿ ೨೧ನೆಯದಕ್ಕೆ "ಏನಿದ್ದರೂ ಸರಿ" ಎಂದು ಬರೆದಿದ್ದದರಿಂದ ಕೊರತೆಯು ಬೆಳಕಿಗೆ ಬಂದಿರಲಿಲ್ಲ. ಗುರುತುಗಳನ್ನು ಕಳಿಸುವ ಮೊದಲು ಪರೀಕ್ಷಿಸುವ ಏರ್ಪಾಡಿನಲ್ಲಿಯೂ ದೋಷವಿದ್ದು ಅದು ಈ ಫೈಲನ್ನು ಒಪ್ಪಿಬಿಟ್ಟಿತು. ಪ್ರೋಗ್ರಾಮು ಇಲ್ಲದ ೨೧ನೆಯ ಅಂಶವನ್ನು ಹುಡುಕುತ್ತ ತನ್ನದಲ್ಲದ ಸ್ಮರಣೆಗೆ ಕೈ ಹಾಕಿತು. ಪಡಸಾಲೆಯಲ್ಲಿ ಈ ತಪ್ಪಾಗಿದ್ದರೆ ಅದೊಂದೇ ಬೀಳುತ್ತಿತ್ತು. ತಿರುಳಿನಲ್ಲಿ ಆದದ್ದರಿಂದ ಇಡೀ ಯಂತ್ರವೇ ಬಿದ್ದಿತು.

ಕಂಪನಿಯು ೭೮ ನಿಮಿಷಗಳೊಳಗೆ ಆ ಫೈಲನ್ನು ಹಿಂದಕ್ಕೆ ಪಡೆಯಿತು. ಆದರೆ ಅಷ್ಟರಲ್ಲಿ, ಮಾಯ್ಕ್ರೊಸಾಫ್ಟಿನ ಅಂದಾಜಿನ ಪ್ರಕಾರ, ೮೫ ಲಕ್ಷ ಯಂತ್ರಗಳು ಕೆಟ್ಟುನಿಂತಿದ್ದವು. ಇದು ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದರಷ್ಟೂ ಅಲ್ಲ. ಆದರೂ ಆಸ್ಪತ್ರೆಗಳು, ಬ್ಯಾಂಕುಗಳು, ವಿಮಾನದ ಕಂಪನಿಗಳು ನಿಂತುಹೋದವು. ಬೆಂಗಳೂರು ಮೊದಲಾದ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಉದ್ದವಾದ ಸಾಲುಗಳು ಬೆಳೆದವು; ಪ್ರಯಾಣಿಕರ ಚೀಟಿಗಳನ್ನು ಕೈಯಿಂದ ಬರೆದುಕೊಡುವ ಪ್ರಸಂಗವೂ ಬಂದಿತು. ಬಿದ್ದ ಯಂತ್ರವು ಏಳುವಾಗಲೇ ಮತ್ತೆ ಬೀಳುತ್ತಿದ್ದದರಿಂದ ಅನೇಕ ಯಂತ್ರಗಳನ್ನು ದೂರದಿಂದ ಗುಣಪಡಿಸಲು ಬರಲಿಲ್ಲ. ಕೆಲಸಗಾರರು ಒಂದೊಂದು ಯಂತ್ರದ ಮುಂದೆಯೂ ಕುಳಿತು ಕೆಟ್ಟ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕನ್ನು ಗೂಢಲಿಪಿಯಲ್ಲಿಟ್ಟಿದ್ದವರು ಅದರ ಉದ್ದವಾದ ಕೀಲಿಯನ್ನೂ ಮೊದಲು ಹುಡುಕಬೇಕಾಯಿತು.

ಇಲ್ಲಿ ಯಾವ ಕಳ್ಳನೂ ಬಂದಿರಲಿಲ್ಲವೆಂಬದನ್ನು ಗಮನಿಸಬೇಕು. ಕಾವಲುಗಾರನು ದುಷ್ಟನೂ ಅಲ್ಲ, ಸೋಮಾರಿಯೂ ಅಲ್ಲ. ಮನೆಯ ಅತ್ಯಂತ ಒಳಗಿನ ಕೋಣೆಯಲ್ಲಿ ನಿಂತವನ ಒಂದು ಲೆಕ್ಕದ ತಪ್ಪು ಮನೆಯ ಬೀಳುವಿಕೆಗೆ ಸಾಕಾಯಿತು.

೭. ಆ ಬಳಿಕ

ಈಗ ತಜ್ಞರು ಹಿಡಿದಿರುವ ದಾರಿಗಳು ಎರಡು. ಮೊದಲನೆಯದು, ಕಾವಲುಗಾರನನ್ನು ಸಾಧ್ಯವಿದ್ದಷ್ಟು ತಿರುಳಿನಿಂದ ಹೊರಗೆ ತರುವದು. ಆಪಲ್ ಕಂಪನಿಯು ೨೦೧೯ರಲ್ಲಿಯೇ ಇದಕ್ಕೆ ತೊಡಗಿತು: ತಿರುಳಿನಲ್ಲಿರುವ ಒಂದು ಚಿಕ್ಕ ಭಾಗವು ಅರ್ಜಿಯ ಸುದ್ದಿಯನ್ನು ಪಡಸಾಲೆಗೆ ಮುಟ್ಟಿಸುವದು, ವಿಚಾರಮಾಡುವ ದೊಡ್ಡ ಪ್ರೋಗ್ರಾಮು ಹೊರಗೆ ಕುಳಿತಿರುವದು. ಅದು ಬಿದ್ದರೂ ಯಂತ್ರವು ಬೀಳದು. ಮಾಯ್ಕ್ರೊಸಾಫ್ಟ್ ಕಂಪನಿಯೂ ೨೦೨೪ರ ನವೆಂಬರದಲ್ಲಿ ಇಂಥ ಏರ್ಪಾಡಿನ ಉದ್ದೇಶವನ್ನು ಪ್ರಕಟಿಸಿತು.

ಎರಡನೆಯದು, ಒಳಗೆ ಬಿಡುವ ಮೊದಲು ಕಾವಲುಗಾರನನ್ನೇ ಪರೀಕ್ಷಿಸುವದು. ಲಿನಕ್ಸಿನಲ್ಲಿ ೨೦೧೪ರಿಂದ ಬೆಳೆದುಬಂದಿರುವ ಇಬಿಪಿಎಫ್ ಎಂಬ ಏರ್ಪಾಡಿನಲ್ಲಿ ಹೊಸ ಕಾವಲಿನ ಪ್ರತಿಯೊಂದು ಆಜ್ಞೆಯನ್ನೂ ಒಬ್ಬ ಪರಿಶೋಧಕನು ಮುಂಚಿತವಾಗಿ ನೋಡುವನು. ಅದು ಎಂದಾದರೂ ಮುಗಿಯುವದೋ, ತನ್ನದಲ್ಲದ ಸ್ಮರಣೆಯನ್ನು ಮುಟ್ಟುವದೋ ಎಂದು ವಿಚಾರಿಸಿ, ಸಂಶಯವಿದ್ದರೆ ಒಳಗೆ ಬಿಡನು. ೨೦೨೦ರಿಂದ ಇಂಥ ಪರೀಕ್ಷಿತ ಕಾವಲುಗಳನ್ನು ಭದ್ರತಾ ಕೊಕ್ಕೆಗಳಿಗೂ ಹಚ್ಚಬಹುದಾಗಿದೆ.

ಎರಡು ದಾರಿಗಳಲ್ಲಿಯೂ ಆಂಡರ್ಸನರ ಮೂರನೆಯ ಮಾತೇ ಕೇಳಿಬರುವದು. ಒಳಗೆ ಇರುವದು ಚಿಕ್ಕದಿರಲಿ, ಪರೀಕ್ಷೆಗೆ ಒಳಗಾಗಲಿ. ಇದಕ್ಕೆ ಬೆಲೆಯನ್ನೂ ಕೊಡಬೇಕಾಗುವದು. ಪ್ರತಿಯೊಂದು ಪ್ರಶ್ನೆಯೂ ಹೊರಗೆ ಹೋಗಿ ಉತ್ತರವು ಒಳಗೆ ಬರಬೇಕಾದರೆ ಯಂತ್ರವು ತುಸು ನಿಧಾನವಾಗುವದು. ಆದರೆ ಆ ನಿಧಾನವು ಸಹಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

೮. ನಮ್ಮ ಮನೆಗಳಿಗೆ ಇದರಿಂದ ಪಾಠ

ಪಾಲಕರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ ಆಗಿದೆ. ಅದರಲ್ಲಿ ಒಂದೊಂದು ಆ್ಯಪಿಗೂ ಬೇರೆಬೇರೆ ಗುರುತನ್ನು ಕೊಟ್ಟು, ಒಂದರ ಫೈಲನ್ನು ಇನ್ನೊಂದು ಮುಟ್ಟದಂತೆ ತಡೆದಿರುತ್ತಾರೆ. ೨೦೧೪ರಲ್ಲಿ ಬಂದ ೫.೦ ಆವೃತ್ತಿಯಿಂದ ಎಸ್‌ಇ ಲಿನಕ್ಸ್ ಎಂಬ ಕಾವಲು ಅದರಲ್ಲಿ ಪೂರ್ಣವಾಗಿ ಜಾರಿಯಲ್ಲಿದೆ. "ಈ ಆ್ಯಪಿಗೆ ನಿಮ್ಮ ಚಿತ್ರಗಳನ್ನು ನೋಡಲು ಬಿಡಬೇಕೇ?" ಎಂದು ಫೋನು ಕೇಳುವಾಗ, ಹೊಸ್ತಿಲಿನ ಅಧಿಕಾರವು ಒಂದು ಕ್ಷಣ ನಮ್ಮ ಬೆರಳಿಗೆ ಬಂದಿರುತ್ತದೆ. ಓದದೆ "ಹೌದು" ಎಂದು ಒತ್ತುವದು ನಿದ್ದೆಗಣ್ಣಿನಲ್ಲಿ ಅಗಳಿ ತೆಗೆ
ದಂತೆಯೇ.

ಇನ್ನು ಮೂರು ಮಾತುಗಳನ್ನು ತಾಯಂದಿರ ಲಕ್ಷ್ಯಕ್ಕೆ ತರುವೆವು. ಗೊತ್ತಿಲ್ಲದವರು ಕಳಿಸಿದ ಪ್ರೋಗ್ರಾಮನ್ನು, ಅದು ಮದುವೆಯ ಆಮಂತ್ರಣವೆಂದು ಹೇಳಿಕೊಂಡು ಬಂದರೂ, ಯಂತ್ರದಲ್ಲಿ ಹಾಕಬಾರದು. ಕಾವಲು ಒಂದಿದ್ದರೆ ಒಳ್ಳೆಯದು, ಎರಡಿದ್ದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕವು ಇಲ್ಲಿ ಸಲ್ಲದು. ಒಂದೇ ದಾರಿಯಲ್ಲಿ ಇಬ್ಬರು ನಿಂತು ಒಬ್ಬರನ್ನೊಬ್ಬರು ತಡೆಯುವದುಂಟು. ಯಂತ್ರದೊಳಗಿನ ಕಾವಲನ್ನು ಎಷ್ಟೇ ನಂಬಿದರೂ, ಮಕ್ಕಳ ಪ್ರಮಾಣಪತ್ರ, ಹೊಲದ ಉತಾರ, ಬ್ಯಾಂಕಿನ ಕಾಗದ ಇವುಗಳ ಒಂದೊಂದು ನಕಲು ಯಂತ್ರದ ಹೊರಗೆ, ಟ್ರಂಕಿನಲ್ಲಿಯೋ ಬೇರೆ ಡಿಸ್ಕಿನಲ್ಲಿಯೋ ಇರಲೇಬೇಕು.

ಇಂಥ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗದಲ್ಲಿರುವ ನಮ್ಮ ಮಾಜಿ ವಿದ್ಯಾರ್ಥಿನಿಯರಿಗೆ ಬೇರೊಂದು ಮಾತುಂಟು. ಹಳೆಯ ಒಡಂಬಡಿಕೆಯ ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಲ್ಲಿ ದೇವಾಲಯದ ದ್ವಾರಪಾಲಕರ ವಿಷಯವಾಗಿ ಒಂದು ಅಧ್ಯಾಯದಲ್ಲಿ ವಿವರವಾಗಿ ಬರೆದದೆ. ಅವರು ನಾಲ್ಕು ದಿಕ್ಕುಗಳಲ್ಲಿಯೂ ನಿಲ್ಲುತ್ತಿದ್ದರು. ರಾತ್ರಿಯನ್ನು ಆಲಯದ ಸುತ್ತಲೂ ಕಳೆದು, ಬೆಳಿಗ್ಗೆ ಬಾಗಿಲನ್ನು ತೆರೆಯುತ್ತಿದ್ದರು. ಸೇವೆಯ ಪಾತ್ರೆಗಳ ಮೇಲೆ ನೇಮಿಸಲ್ಪಟ್ಟ ಲೇವಿಯರು ಅವುಗಳನ್ನು ಒಳಗೆ ತರುವಾಗಲೂ ಎಣಿಸಬೇಕಾಗಿತ್ತು, ಹೊರಗೆ ಒಯ್ಯುವಾಗಲೂ ಎಣಿಸಬೇಕಾಗಿತ್ತು. ಆ ಕೆಲಸದಲ್ಲಿ ಹೆಸರಿಲ್ಲ, ಮೆರೆತವಿಲ್ಲ. ಎಣಿಕೆಯು ಸರಿಯಾಗಿರಬೇಕು, ಅಷ್ಟೇ. ೨೦ ಇದ್ದಲ್ಲಿ ೨೧ನ್ನು ಎಣಿಸಿದರೆ ಏನಾಗುವದೆಂಬದನ್ನು ನಾವು ಮೇಲೆ ನೋಡಿದೆವು.

ಆದದರಿಂದ ಕಾವಲಿನ ಕೆಲಸವನ್ನು ವಹಿಸಿಕೊಂಡವಳು ತನ್ನ ಬರಹವನ್ನು ಇನ್ನೊಬ್ಬಳ ಕೈಗೆ ಪರೀಕ್ಷೆಗೆ ಕೊಡಲು ನಾಚಬಾರದು. ಒಳಕೋಣೆಯಲ್ಲಿ ಅವಶ್ಯವಿಲ್ಲದ್ದನ್ನು ಒಂದು ಸಾಲನ್ನೂ ಇಡಬಾರದು. ಹೊಸದನ್ನು ಎಲ್ಲ ಯಂತ್ರಗಳಿಗೂ ಒಂದೇ ಸಲಕ್ಕೆ ಕಳಿಸದೆ, ಮೊದಲು ಕೆಲವಕ್ಕೆ ಕಳಿಸಿ ನೋಡಬೇಕು. ಮುಳವಾಡದ ರೈತನಿಗೆ ತಿರುಳೆಂದರೇನೆಂಬದು ಗೊತ್ತಿರಲಾರದು. ಆದರೂ ಅವನ ಹೊಲದ ನಾಲ್ಕು ಎಕರೆಯು ನಾಲ್ಕೇ ಎಕರೆಯಾಗಿ ನಾಳೆಯೂ ಉಳಿಯುವದು ಇಂಥವರ ಎಚ್ಚರದ ಮೇಲೆ ನಿಂತಿದೆ.